ಹೊರಡುವ ಮೊದಲೇ ತಲುಪುವ ಗಾಡಿ

ಪೋರ್ಟೊ
ಮಾರ್ಚ್ 9, ಸೋಮವಾರ

ಪ್ರೀತಿಯ ಸಬೆಲಾ,

ಬೈಯುವುದನ್ನೆಲ್ಲ ಮೊದಲು ಬೈದು ಮುಗಿಸು, ಆಮೇಲೆ ಓದು. ನಿನ್ನ ಭಾಷಣದ ಕರಡು ನನ್ನ ಕೈಸೇರಿ ಹನ್ನೆರಡು ದಿನವಾಯಿತು. "ಅಂಕಿ ಅಂಶ ಸರಿ ಇದೆಯಾ ನೋಡಿ ಎರಡು ದಿನದಲ್ಲಿ ವಾಪಸ್ ಕಳಿಸು" ಎಂದು ನೀನು ಬರೆದಿದ್ದೆ. ಅದು ಎರಡು ದಿನದ ಕೆಲಸವೂ ಅಲ್ಲ, ಅರ್ಧ ಗಂಟೆಯದು. ಕಚೇರಿಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ ಎಂದು ಹೇಳಬಹುದು. ಅದು ನಿಜವೂ ಹೌದು, ಆದರೆ ತಡವಾದದ್ದು ಅದಕ್ಕಲ್ಲ. ಯಾಕೆ ಎಂಬುದು ಗುರುವಾರ ನೀನು ವೇದಿಕೆ ಹತ್ತುವುದಕ್ಕೆ ಮುಂಚೆ ನಿನಗೆ ಗೊತ್ತಾಗಲೇಬೇಕು. ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಮೂರು ಸಲ ಮಾಡಿದ್ದೆ. ಮೂರು ಸಲವೂ ನಿಮ್ಮೂರಿನ ಗಾಳಿ, ನಿನ್ನ ಅಮ್ಮನ ಮಂಡಿನೋವು, ಶನಿವಾರ ಬರುವಾಗ ಏನು ತರಲಿ, ಇಷ್ಟೇ ಮಾತಾಡಿ ಇಟ್ಟುಬಿಟ್ಟೆ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿಗೆ ಸುಳ್ಳು ತಾನಾಗಿ ಬರುತ್ತದೆ. ಕಾಗದದ ಮುಂದೆ ಅಷ್ಟು ಸುಲಭವಲ್ಲ.

ಮೊದಲು ಭಾಷಣ. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ವೇಗದ ರೈಲು ಬೇಕೆಂದು ಹದಿನೇಳು ವರ್ಷದಿಂದ ವೀಗೊದ ಬೀದಿ ಬೀದಿಯಲ್ಲಿ ಸಹಿ ಕೂಡಿಸಿದ ಹೆಂಗಸು ಬರೆದದ್ದು ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಮೂರು ತಿದ್ದುಪಡಿ ಮಾಡಿದ್ದೇನೆ. ಪೋರ್ಟೊದಿಂದ ಗಡಿಯಾಚೆಯ ನಿಮ್ಮ ವೀಗೊಗೆ ಹೊಸ ಗಾಡಿ ನಲವತ್ತು ನಿಮಿಷದಲ್ಲಿ ಬರುವುದಿಲ್ಲ, ಐವತ್ತು ಬೇಕು. ನಮ್ಮ ಮಂತ್ರಿಗಳು ನಲವತ್ತು ಅನ್ನುತ್ತಾರೆ, ಅವರ ಗಾಡಿ ಎಲ್ಲೂ ನಿಲ್ಲುವುದಿಲ್ಲವಲ್ಲ. ಗಡಿಯ ಹೊಸ ಸೇತುವೆ ಇನ್ನೂ ಕಾಗದದ ಮೇಲಿದೆ, "ಕಟ್ಟುತ್ತಿರುವ" ಎಂದು ಬರೆಯಬೇಡ. ಆಮೇಲೆ, ಹಳೆಯ ಗಾಡಿಯನ್ನು ಎತ್ತಿನ ಗಾಡಿ ಎಂದು ಕರೆದಿದ್ದೀಯ. ಅದನ್ನು ಓಡಿಸುವವರೂ ಸಭೆಯಲ್ಲಿ ಇರುತ್ತಾರೆ, ಆ ಮಾತು ತೆಗೆದುಬಿಡು. ಮೂರನೆಯ ಪುಟದ ಕೊನೆಯಲ್ಲಿ ಒಂದು ಸಾಲಿಗೆ ಮಾತ್ರ ಸರಿ ಅಂತಲೂ ಗುರುತು ಹಾಕಿಲ್ಲ, ತಪ್ಪು ಅಂತಲೂ ಹಾಕಿಲ್ಲ. ಯಾವುದು ಎಂದು ನಿನಗೆ ಈಗಲೇ ಹೊಳೆದಿರಬೇಕು.

ಇಲ್ಲಿ ವೇಳಾಪಟ್ಟಿ ಕಚೇರಿಯಲ್ಲಿ ನಮ್ಮ ಕಥೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತಿದೆ. ನಾವು ಬೆಳಗ್ಗೆ ಏಳಕ್ಕೆ ನಮ್ಮ ಗಾಡಿಗೆ ದಾರಿ ಬಿಡಿ ಎಂದು ಕೇಳಿದರೆ ನಿಮ್ಮ ದೇಶದವರು ಒಂಬತ್ತಕ್ಕೆ ಬನ್ನಿ ಎನ್ನುತ್ತಾರೆ. ಒಂಬತ್ತಕ್ಕೆ ಒಪ್ಪಿದರೆ ಆ ಹೊತ್ತಿನಲ್ಲಿ ಹಳಿ ನಮ್ಮ ಸ್ಥಳೀಯ ಗಾಡಿಗಳದ್ದು. ನಡುವಿನ ಊರುಗಳ ಮೇಯರುಗಳು ದಿನಕ್ಕೊಬ್ಬರಂತೆ ಬಂದು ಕೂರುತ್ತಾರೆ. ಎಲ್ಲರಿಗೂ ವೇಗ ಬೇಕು, ಎಲ್ಲರಿಗೂ ಅವರವರ ಊರಿನಲ್ಲಿ ಗಾಡಿ ನಿಲ್ಲಲೂಬೇಕು. ಒಂದು ನಿಲುಗಡೆಗೆ ಆರು ನಿಮಿಷ ಹೋಗುತ್ತದೆ ಸ್ವಾಮಿ ಎಂದರೆ, "ಆರು ನಿಮಿಷ ಯಾರಿಗ್ರೀ ಲೆಕ್ಕ?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಇಪ್ಪತ್ತಾರು ವರ್ಷದಿಂದ ನಿಮಿಷ ಹೆಕ್ಕಿ ಜೋಡಿಸಿಕೊಂಡೇ ಬದುಕಿದವನು ಎಂದು ಅವರಿಗೇನು ಗೊತ್ತು.

ಎದುರು ಮೇಜಿನ ಜಸಿಂತೊ ನಿನಗೆ ನೆನಪಿರಬಹುದು, ನಮ್ಮ ಮದುವೆಯಲ್ಲಿ ಕುಣಿದು ಕಾಲು ಉಳುಕಿಸಿಕೊಂಡವನು. ಮೊನ್ನೆ ವೇಳಾಪಟ್ಟಿಯ ಕರಡು ಗೋಡೆಗೆ ಅಂಟಿಸಿ ಅದರ ಮುಂದೆ ನಿಂತು ನಗುತ್ತಿದ್ದ. ನಿಮ್ಮ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಲ್ಲವೇ, ವೀಗೊದಿಂದ ಎಂಟಕ್ಕೆ ಹೊರಟ ಗಾಡಿ ಪೋರ್ಟೊಗೆ ಏಳೂ ಐವತ್ತಕ್ಕೆ ಬರುತ್ತದೆ.

"ನೋಡೋ ಅಮಾದೇವು, ಹೊರಡೋಕೆ ಹತ್ತು ನಿಮಿಷ ಮುಂಚೇನೇ ತಲುಪುತ್ತೆ! ದಿನಾ ಕೂತ್ಕೊಂಡು ಬಂದ್ರೆ ವಯಸ್ಸು ಇಳಿಯುತ್ತೆ ಕಣೋ. ಮೊದಲನೇ ಟಿಕೆಟ್ ನಮ್ಮತ್ತೆಗೆ."

"ವಾಪಸ್ ಹೋಗುವಾಗ ಎಲ್ಲ ಬಡ್ಡಿ ಸಮೇತ ಕಿತ್ಕೊಳ್ಳುತ್ತೆ" ಎಂದೆ.

"ಅದಕ್ಕೇ ಅವ್ರಿಗೆ ವಾಪಸ್ ಟಿಕೆಟ್ ತೆಗೆಯಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಹೊರಗೆ ಹೋಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದೆ. ಈಚೆಗೆ ಹೀಗೇ ಆಗುತ್ತಿದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕೋಸಿನ ಸಾರು ಬಿಸಿ ಮಾಡಲಿಟ್ಟು ಮರೆತು ಪಾತ್ರೆ ಸುಟ್ಟಿದ್ದೇನೆ. ಈ ಪತ್ರವನ್ನೇ ನಾಲ್ಕು ಸಲ ಶುರುಮಾಡಿ ಹರಿದೆ.

ಈಗ ಇಲ್ಲಿಗೆ ನಿಲ್ಲಿಸುತ್ತೇನೆ. ನಾಳೆ ಸೇತುವೆಯ ಜಾಗ ನೋಡಲು ಗಡಿಗೆ ಹೋಗುವುದಿದೆ, ಗಾಡಿಯಲ್ಲಿ ಮುಂದುವರಿಸುತ್ತೇನೆ.

ಮಂಗಳವಾರ, ವಲೆನ್ಸಕ್ಕೆ ಹೋಗುವ ಗಾಡಿಯಲ್ಲಿ

ಅಕ್ಷರ ಕುಣಿದರೆ ಗಾಡಿಯನ್ನು ಬೈದುಕೊ. ಇಲ್ಲ, ಬೈಯಬೇಡ. ಈ ಗಾಡಿಗೆ ನಮ್ಮ ಮನೆಯಿಂದ ಬೈಗುಳ ಬೇಕಾದಷ್ಟು ಸಂದಿದೆ.

ಆ ಸಾಲಿಗೆ ಬರುತ್ತೇನೆ. ನೀನು ಬರೆದದ್ದನ್ನೇ ಬರೆಯುತ್ತೇನೆ: "ಹತ್ತೊಂಬತ್ತು ವರ್ಷದ ಕೆಳಗೆ, ನವೆಂಬರ್ ಹದಿನಾಲ್ಕರಂದು, ಪೋರ್ಟೊದಿಂದ ಬಂದ ಗಾಡಿ ಗಡಿಯಲ್ಲಿ ಒಂದು ಗಂಟೆ ನಿಂತುಬಿಟ್ಟಿತು. ಅದರಲ್ಲಿ ಒಬ್ಬ ತಂದೆಯಿದ್ದ. ಅವನು ಸ್ಮಶಾನ ಮುಟ್ಟುವ ಹೊತ್ತಿಗೆ ಗಾರೆಯವನು ಶವಪೆಟ್ಟಿಗೆ ಇಟ್ಟ ಗೋಡೆಯ ಗೂಡಿಗೆ ಕಲ್ಲು ಮುಚ್ಚಿ ಕೈ ತೊಳೆಯುತ್ತಿದ್ದ. ಮೂರು ದಿನದ ಮಗಳನ್ನು ಅವನು ಕೊನೆಯ ಸಲ ನೋಡಲಿಲ್ಲ. ನಮಗೆ ಈ ರೈಲು ಯಾಕೆ ಬೇಕು ಎಂದು ಕೇಳುವವರು ಅವನನ್ನು ಕೇಳಲಿ."

ಸಬೆಲಾ, ಅವನನ್ನು ಕೇಳಿದರೆ ಅವನು ಏನು ಹೇಳುತ್ತಾನೆ?

ಹೋದ ವಾರ ಜಸಿಂತೊ ಹಳೆಯ ದಾಖಲೆಗಳ ಕೋಣೆಗೆ ಇಳಿದು, ಈ ದಾರಿಯಲ್ಲಿ ಇಪ್ಪತ್ತು ವರ್ಷದಲ್ಲಿ ಯಾವ ಯಾವ ದಿನ ಗಾಡಿ ಎಷ್ಟು ತಡವಾಯಿತು ಎಂದು ಪಟ್ಟಿ ಮಾಡಿದ. ಪಾಪ, ನಿನಗೆ ಸಹಾಯವಾಗಲಿ ಎಂದೇ. ಬುಧವಾರ ಅದು ಸಭೆಯ ಕಡತಕ್ಕೆ ಸೇರುತ್ತದೆ. ದ್ರಾಕ್ಷಿ ತೋಟದ ನಡುವೆ ಹಳಿ ಹಾಯಬಾರದು ಎನ್ನುವವರ ವಕೀಲನೂ ಅದನ್ನು ಓದುತ್ತಾನೆ. ಪಟ್ಟಿ ಹಿಡಿದುಕೊಂಡು ಜಸಿಂತೊ ನನ್ನ ಮೇಜಿಗೆ ಬಂದ.

"ಇದೇನೋ ಇದು? ನಿನ್ನ ಹೆಂಡ್ತಿ ಭಾಷಣದಲ್ಲಿರೋ ತಾರೀಕು ಪಟ್ಟಿಲೇ ಇಲ್ಲ. ಅವತ್ತು ಗಾಡಿ ಹನ್ನೊಂದೂ ಐದಕ್ಕೆ, ಸರಿಯಾದ ಟೈಮಿಗೆ ವೀಗೊದಲ್ಲಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಎಡಗೈಯ ಗಡಿಯಾರ ಮುಚ್ಚಿಕೊಂಡೆ.

"ತಾರೀಕು ತಪ್ಪು ಬರ್ದಿರ್ತಾಳೆ, ಇಷ್ಟು ವರ್ಷ ಆಯ್ತಲ್ಲ. ಹೇಳಿ ಸರಿ ಮಾಡ್ಸು. ಇಲ್ದಿದ್ರೆ ಆ ವಕೀಲ ತುಂಬಿದ ಸಭೇಲಿ ಅವಳ ಮಾನ ಕಳೀತಾನೆ" ಎಂದ.

ನಮ್ಮ ಮಗು ಇರಿಯಾಳನ್ನು ಗೂಡಿಗಿಟ್ಟ ತಾರೀಕನ್ನು ನೀನು ತಪ್ಪು ಬರೆಯುತ್ತೀಯೇ? ಅವನ ಮುಖ ನೋಡಲಾಗದೆ ಹೂಂ ಎಂದೆ.

ತಾರೀಕು ಸರಿ ಇದೆ. ತಪ್ಪು ಇರುವುದು ಗಾಡಿಯ ಮೇಲೆ ಹೊರಿಸಿದ್ದರಲ್ಲಿ, ಹೊರಿಸಿದವನು ನಾನು. ಗಡಿಯ ನದಿಯ ಪಕ್ಕ ಫೋನಿಗೆ ಸಿಗ್ನಲ್ ಇರಲಿಲ್ಲ, ಅದಕ್ಕೇ ನಿನ್ನ ಕರೆ ತೆಗೆಯಲಿಲ್ಲ ಎಂದದ್ದೂ ಸುಳ್ಳು. ಅವತ್ತು ಗಾಡಿ ಎಲ್ಲೂ ನಿಲ್ಲಲಿಲ್ಲ. ನಾನು ವೀಗೊದಲ್ಲಿ ಇಳಿದಾಗ ನನ್ನ ಕೈಗಡಿಯಾರದಲ್ಲಿ ಹತ್ತೂ ಐದು. ನಿಮ್ಮ ಗಂಟೆಗೆ ತಿರುಗಿಸುವುದು ಮರೆತಿದ್ದೆ. ಗಡಿ ದಾಟುವ ಗಾಡಿಗಳಿಗೆ ವೇಳಾಪಟ್ಟಿ ಬರೆಯುವವನು, ಪಟ್ಟಿಯ ಅಡಿಯಲ್ಲಿ "ಆಯಾ ದೇಶದ ಸಮಯ" ಎಂದು ತಪ್ಪದೆ ಬರೆಯುವವನು ಮರೆತೆ. ಅಂತ್ಯಕ್ರಿಯೆ ಹನ್ನೆರಡಕ್ಕಲ್ಲವೇ, ಇನ್ನೂ ಸುಮಾರು ಎರಡು ಗಂಟೆ ಇದೆ ಎಂದುಕೊಂಡು ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ ಕೂತೆ. ಸ್ಮಶಾನಕ್ಕೆ ಬಂದಾಗ ಪಾದ್ರಿ ಅರ್ಧ ಗಂಟೆ ಕಾದು ಹೊರಟುಹೋಗಿದ್ದರು. ಸಿಮೆಂಟು ಇನ್ನೂ ಹಸಿಯಾಗಿತ್ತು. ನೀನು ಗೋಡೆಗೆ ಕೈಯಿಟ್ಟು ನಿಂತಿದ್ದೆ. ತಿರುಗಿ ನನ್ನನ್ನು ನೋಡಿ ಬೈಯಲಿಲ್ಲ, "ಗಾಡಿ ತಡ ಆಯ್ತಾ?" ಎಂದು ಕೇಳಿದೆ. ನೀನೇ ದಾರಿ ತೋರಿಸಿದೆ, ನಾನು ಹೌದು ಎಂದುಬಿಟ್ಟೆ.

ಆ ಒಂದು ಹೌದಿನ ಮೇಲೆ ನೀನು ಹದಿನೇಳು ವರ್ಷದ ಹೋರಾಟ ಕಟ್ಟಿದೆ. ಮೇಜು ಕುರ್ಚಿ ಹಾಕಿಕೊಂಡು ಬೀಸುವ ಗಾಳಿಯಲ್ಲಿ ಸಹಿ ಕೂಡಿಸಿದೆ. ನಾನು ಈ ಕಡೆಯಿಂದ ಗಾಡಿಯನ್ನು ಚುರುಕು ಮಾಡುವ ಕೆಲಸ ಕೇಳಿ ಹಾಕಿಸಿಕೊಂಡೆ. ಜನ ನಮ್ಮನ್ನು ನೋಡಿ ಎಂಥ ಜೋಡಿ ಎನ್ನುತ್ತಾರೆ. ನಿನ್ನ ಅಮ್ಮ ಒಬ್ದುಲಿಯಾ ಮಾತ್ರ, "ಗಂಡ ಒಂದು ದೇಶ, ಹೆಂಡ್ತಿ ಒಂದು ದೇಶ, ಇದ್ಯಾವ ಸೀಮೆ ಸಂಸಾರಾನೋ" ಎಂದು ಪ್ರತಿ ಶನಿವಾರ ಕೇಳುತ್ತಾರೆ. ವೇಗದ ರೈಲು ಬರಲಿ ಅಮ್ಮ, ಆಮೇಲೆ ಒಂದೇ ಮನೆ ಎಂದು ನಾನು ಹೇಳುತ್ತೇನೆ. ನೀನು ಇರಿಯಾಳ ಗೂಡು ಬಿಟ್ಟು ಬರುವವಳಲ್ಲ, ನಾನೇ ಬರಬೇಕು. ಬರುವುದಕ್ಕೆ ರೈಲು ಎಂದೂ ಅಡ್ಡಿಯಾಗಿರಲಿಲ್ಲ. ಆ ನಿಲ್ದಾಣದಲ್ಲಿ ಇಳಿದಾಗಲೆಲ್ಲ ಎದುರಿನ ಕಾಫಿ ಅಂಗಡಿ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿ ಓಡುವವನು ಆ ಊರಿನಲ್ಲಿ ಮನೆ ಮಾಡುವುದು ಹೇಗೆ?

ಗುರುವಾರ ಆ ಸಾಲು ಓದಬೇಡ. ಉಳಿದ ಭಾಷಣ ನಿಜ, ಅದನ್ನು ಗಟ್ಟಿಯಾಗಿ ಓದು. ರೈಲು ಬೇಕು, ನಮ್ಮಿಬ್ಬರಿಗಲ್ಲದಿದ್ದರೂ ಬೇಕು. ಕೆಲಸಕ್ಕೆ ದಿನಾ ಗಡಿ ದಾಟುವ ಸಾವಿರಾರು ಜನರಿಗೆ ಬೇಕು. ಓದಲು ಮನಸ್ಸೇ ಬಾರದಿದ್ದರೆ ಬೇರೆಯವರ ಕೈಗೆ ಕೊಡು, ಅದಕ್ಕೂ ನನ್ನನ್ನೇ ಬೈದುಕೊ. ಶನಿವಾರ ನಾನು ಬರುತ್ತೇನೆ. ನಿಲ್ದಾಣದಲ್ಲೇ ಕೂತಿರುತ್ತೇನೆ. ಮನೆಗೆ ಬಾ ಎಂದು ನೀನು ಕರೆದರೆ ಬರುತ್ತೇನೆ, ಇಲ್ಲದಿದ್ದರೆ ಸಂಜೆಯ ಗಾಡಿಗೆ ಹಿಂತಿರುಗುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು. ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳಲಿ. ಗುರುವಾರ ವೇದಿಕೆಯ ಮೇಲೆ ಗಾಳಿ ಹೆಚ್ಚು, ಕುತ್ತಿಗೆಗೆ ಏನಾದರೂ ಸುತ್ತಿಕೊ. ನನ್ನ ಹೆಸರು ಕೇಳಿದರೇ ಸಿಟ್ಟು ಬರುವ ದಿನ ಬಂದರೂ ಆ ದಿನವೂ ನೀನು ಚೆನ್ನಾಗಿರಬೇಕು.

ನಿನ್ನ
ಅಮಾದೇವು

ಸಹಿಯ ಕೆಳಗೆ "ಮರೆತಿದ್ದು" ಎಂದು ಬರೆಯಬೇಕಿದ್ದ ಜಾಗದಲ್ಲಿ, ಮರೆಯದೇ ಇದ್ದದ್ದು:

ಕೆಲಸ ಮುಗಿಸಿ, ಹಳೆಯ ಕಬ್ಬಿಣದ ಸೇತುವೆಯನ್ನು ನಡೆದೇ ದಾಟಿ ನಿಮ್ಮ ಕಡೆಯ ತೂಯಿಗೆ ಬಂದಿದ್ದೇನೆ. ಇಲ್ಲಿಯ ಅಂಚೆಗೆ ಹಾಕಿದರೆ ನಾಳೆ ನಿನ್ನ ಕೈಸೇರುತ್ತದೆಯಂತೆ. ಲಕೋಟೆಗೆ ಅಂಟು ಹಚ್ಚುವಾಗ ಕೈ ನಿಂತಿತು. ಮೇಲೆ ಬರೆದದ್ದನ್ನು ಓದಿದರೆ ನಾನು ಮತ್ತೊಮ್ಮೆ ತಪ್ಪಿಸಿಕೊಂಡಿದ್ದೇನೆ. ಆಗ ಗಾಡಿಯ ಮೇಲೆ ಹಾಕಿದ್ದೆ, ಈಗ ಕೈಗಡಿಯಾರದ ಮೇಲೆ ಹಾಕಿದ್ದೇನೆ.

ಗಡಿಯಾರ ತಿರುಗಿಸಲು ಮರೆತದ್ದು ನಿಜ. ಆದರೆ ಆ ಕಾಫಿ ಅಂಗಡಿಯಲ್ಲಿ, ನನ್ನ ಕುರ್ಚಿಗೆ ಎದುರಾಗಿ, ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಕೂತ ಕೂಡಲೇ ನೋಡಿದೆ. ಹನ್ನೊಂದೂ ಹತ್ತು. ನನ್ನ ತಪ್ಪು ಆಗಲೇ ಗೊತ್ತಾಯಿತು, ಎದ್ದು ಹೊರಟಿದ್ದರೆ ಸರಿಯಾಗಿ ತಲುಪುತ್ತಿದ್ದೆ. ಹಿಂದಿನ ರಾತ್ರಿ ನಿನ್ನ ಅಮ್ಮ ಫೋನಿನಲ್ಲಿ, "ಪೆಟ್ಟಿಗೆ ಬಿಳೀದು ಕಣಪ್ಪ, ಬೂಟಿನ ಡಬ್ಬಿಯಷ್ಟೇ ಇದೆ, ನೀನೇ ಎತ್ಕೋಬೇಕು" ಎಂದಿದ್ದರು. ಇರಿಯಾಳಿಗೆ ಹೊದಿಸಲೆಂದು ನನ್ನ ತಾಯಿ ಹೆಣೆದಿದ್ದ ಉಣ್ಣೆಯ ಹೊದಿಕೆ ತರಲೆಂದೇ ನಾನು ಪೋರ್ಟೊಗೆ ಹೋಗಿದ್ದು. ಅದು ನನ್ನ ತೊಡೆಯ ಮೇಲಿತ್ತು. ಈಗಲೂ ನನ್ನ ಬೀರುವಿನಲ್ಲಿದೆ. ಫೋನು ಎರಡು ಸಲ ಬಡಿದುಕೊಂಡಿತು, ಬೋರಲು ಹಾಕಿದೆ. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಹನ್ನೆರಡನ್ನೂ ಎಣಿಸಿದೆ, ಸಬೆಲಾ. ಎಣಿಸಿ, ಇನ್ನೊಂದು ಕಾಫಿ ಕೊಡಿ ಎಂದೆ.