ಶಾಸಕರ ಸೊನ್ನೆ, ಉಚ್ಚಂಗಮ್ಮನ ಬಸ್ಸು

೧೪ ಅಕ್ಟೋಬರ್, ಮಂಗಳವಾರ

ಕಳ್ಳತನವೊಂದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಶಾಸಕ ಚನ್ನವೀರಪ್ಪನವರ ಸದನದ ಸಾಧನೆ ಅಚ್ಚಾಗಿದ್ದ ಹಾಳೆಯನ್ನು ಗ್ರಂಥಾಲಯದ ಪತ್ರಿಕೆಯಿಂದ ಹರಿದು ತಂದೆ. ಎರಡೂವರೆ ವರ್ಷದಿಂದ ಹಿಂದಿನ ಬೆಂಚು, ಕೇಳಿದ ಪ್ರಶ್ನೆ ಸೊನ್ನೆ. ಮತಕ್ಕೆ ಹಾಕಿದಾಗ ಮಾತ್ರ ‘ಹೌದು’. ಅವರ ಬಾಯಿಯ ಬೀಗಕ್ಕೆ ಕೀಲಿ ನನ್ನ ಜೇಬಿನಲ್ಲಿದೆ ಎಂದು ವಾರವಿಡೀ ಬೀಗಿದೆ.

ಇಂದು ಕೆ.ಬಿ. ಬಡಾವಣೆಯಲ್ಲಿ ಅವರ ಜನಸಂಪರ್ಕ ಸಭೆ. ಲೋಕಿಕೆರೆಯ ಉಚ್ಚಂಗಮ್ಮ ಮೈಕನ್ನು ನನ್ನ ಕೈಗಿಟ್ಟಳು.

“ಬೆಳಗಿನ ಬಸ್ ನಿಂತು ಮೂರು ತಿಂಗಳಾತು, ಮಗಳು ಕಾಲೇಜ್ ಬಿಡ್ತೀನಿ ಅಂತಾಳೆ. ನೀವ ಕೇಳ್ರಿ ಮೇಷ್ಟ್ರೇ, ನಂಗೆ ಮಾತು ಬರಲ್ಲ.”

ಶಾಸಕರು ನನ್ನನ್ನೇ ದಿಟ್ಟಿಸಿ, “ಹೇಳ್ರಿ ಮೇಷ್ಟ್ರೇ” ಎಂದರು. ಜೇಬಿನ ಹಾಳೆ ಬೆವರಿಗೆ ಒದ್ದೆಯಾಗಿತ್ತು.

ಕೊನೆಗೆ ಉಚ್ಚಂಗಮ್ಮನೇ ಮೈಕ್ ಕಿತ್ತುಕೊಂಡು ಬಸ್ಸಿನ ಬಗ್ಗೆ ಕೇಳಿದಳು. ಅದಕ್ಕೂ ಮೊದಲು ನಾನು ಕೇಳಿದ್ದು ಇಷ್ಟೇ: “ಊಟ ಆತೇನ್ರಿ, ಸರ್?”