ಒಂಬತ್ತನೆಯ ನಂಬರಿನ ಅಂಗಿ

ಅಕ್ಕಾ,

ಇಲ್ಲಿ ಫುಟ್‌ಬಾಲ್ ಹುಚ್ಚು ವಿಪರೀತ. ನಿನ್ನೆ ಕ್ಷೌರದಂಗಡಿಯಲ್ಲಿ, ಮಂಡಿಗೆ ಪೆಟ್ಟಾಗಿ ಆಡದೆ ಕೂತಿರುವ ನಮ್ಮ ಕ್ಲಬ್ಬಿನ ಒಂಬತ್ತನೆಯ ನಂಬರಿನ ಆಟಗಾರನ ಬಗ್ಗೆಯೇ ಜಗಳ.

"ಹೊಸ ಓನರು ಅವನನ್ನ ಬೇರೆ ಕ್ಲಬ್ಬಿಗೆ ಮಾರಿಬಿಡ್ತಾನೆ, ನೋಡ್ತಿರಿ," ಎಂದ ಹಾಲಿನವನು.

"ಮಾರಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ," ಎಂದ ಕ್ಷೌರಿಕ, ನನ್ನತ್ತ ತಿರುಗಿ, "ಕ್ಲಬ್ಬಿನ ದರ್ಜಿ ನೀವು, ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದ.

ಅವನ ಕತ್ತಿ ನನ್ನ ಗಂಟಲ ಮೇಲಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಬೆಳಿಗ್ಗೆಯಷ್ಟೇ ಮ್ಯಾನೇಜರ್ ಹೇಳಿದಂತೆ ಆ ಆಟಗಾರನ ಇಪ್ಪತ್ತು ಅಂಗಿಗಳಿಂದ, ದಾರದಲ್ಲಿ ಹೊಲಿದಿದ್ದ ಹೆಸರು ಬಿಚ್ಚಿ ಬಂದಿದ್ದೆ.

ಕಣ್ಣುರಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಭಾವ ಆ ಆಟಗಾರನ ಹೆಸರಿನ ಅಂಗಿ ಬೇಕೆಂದಿದ್ದರಲ್ಲ, ಬಿಚ್ಚಿದ್ದರಲ್ಲೇ ಒಂದನ್ನು ಕೇಳಿ ಪಡೆದು ಕಳಿಸಿದ್ದೇನೆ. ಬೆಳಕಿಗೆ ಹಿಡಿದರೆ ಸೂಜಿಯ ತೂತುಗಳಲ್ಲಿ ಹೆಸರನ್ನು ಈಗಲೂ ಓದಬಹುದು.

ನಿನ್ನ ತಮ್ಮ