ನೀಲಿ ಅಂಗಿ ತೆಗೆದುಕೊಂಡಿದ್ದೇನೆ

ಅತ್ತೆಯವರಿಗೆ,

ಹದಿಮೂರನೇ ದಿನಕ್ಕೆ ಬಂದವರೆಲ್ಲ ನಿನ್ನೆ ಧಾರವಾಡದ ಬಸ್ಸು ಹತ್ತಿದರು. ಇವತ್ತು ಹಾಲಿನವನು ಎಂದಿನಂತೆ ಬಂದ. ಅರ್ಧ ಲೀಟರ್ ಸಾಕೆಂದೆ.

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಬಿ.ಪಿ. ಗುಳಿಗೆ ಮರೆಯಬೇಡಿ.

ಯಾರಿಗಾದರೂ ಕೊಟ್ಟುಬಿಡಲೆಂದು ನಿಮ್ಮ ಮಗನ ಅಂಗಿಗಳನ್ನು ಗಂಟು ಕಟ್ಟಿದ್ದಿರಿ. ಅದರಿಂದ ನೀಲಿಯದನ್ನು ತೆಗೆದು, ನೀವು ಕಲಿಸುತ್ತಿದ್ದ ಕೌದಿಗೆ ಹಚ್ಚಿದ್ದೇನೆ. "ಹೋದವರ ಅರಿವಿ ಹೊದಿಬಾರದವಾ" ಅನ್ನುತ್ತೀರಿ. ಹೊದೆಯುವವಳು ನಾನು. ಜೇಬು ಬಿಚ್ಚದೆ ಹಾಗೇ ಹೊಲಿದಿದ್ದೇನೆ, ಹೊಲಿಗೆಯೂ ಸೊಟ್ಟಗಿದೆ. ಬೇಕಾದರೆ ಹೊಲಿಗೆ ಸರಿಮಾಡಿ. ಅಂಗಿಯನ್ನು ಮಾತ್ರ ಬಿಚ್ಚಬೇಡಿ.

ಬೆಳಿಗ್ಗೆ ಕೇಕು ಮಾಡಿದೆ. ಮೊಟ್ಟೆ ಹಾಕಿಲ್ಲ, ಮೊಸರು ಹಾಕಿದ್ದೇನೆ, ತಿನ್ನಿ. ಹಿಂದಿನವೆಲ್ಲ ತಳ ಹತ್ತಿದಾಗ ಅವರು, "ಕೇಕ್ ಅನ್ನಬ್ಯಾಡ, ಬಿಸ್ಕೀಟ್ ಅನ್ನು, ಭಾಳ ಚಲೋ ಆಗ್ಯದ" ಎನ್ನುತ್ತ ತಿಂದು ಮುಗಿಸುತ್ತಿದ್ದರು. ಇವತ್ತಿನದು ಉಬ್ಬಿದೆ.

ಓವನ್ ಅವರ ಆಫೀಸಿನ ಫಿಲೊಮಿನಾಬಾಯಿಯದು. ನಾನು ಕಲಿಯುವವರೆಗೆ ಸಾಕೆಂದು ಕೇಳಿ ತಂದಿದ್ದರು. ಒರೆಸಿ, ವೈರು ಸುತ್ತಿ, ಹಿಂದಿರುಗಿಸಲು ಆಕೆಯ ಊರು ಕಾಣಕೋಣದ ಬಸ್ಸಿಗೆ ಹೊರಟಿದ್ದೇನೆ. ಸಂಜೆ ಬರುತ್ತೇನೆ. ಆಕೆ ಇಟ್ಟುಕೋ ಎಂದರೂ ಬಿಟ್ಟು ಬರುತ್ತೇನೆ.

ಮೃಣಾಲಿನಿ